ಗೂಟಕ್ಕೆ ಕಟ್ಟಿದ ಅರಿಷಿಣ ಕೊಂಬು

“ಈ ಅರಿಷಿಣ ಕೊಂಬು ಇಲ್ಲೆ ಯಾರು ಕಟ್ಟೀರಿ?”

ತುಳಸಾಬಾಯಿ ಸ್ಟೂಲಿನ ಮೇಲೆ ನಿಂತು, ಗೋಡೆಯ ಗೂಟಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಕೇಳಿದಳು. ಸ್ಟೂಲು ಕಿರ್ ಎಂದಿತು. ಆಕೆಯ ಮೈಕಟ್ಟಿಗೆ ಅದು ಹೆದರಿದ್ದರೆ ತಪ್ಪೇನಿಲ್ಲ ಬಿಡಿ.

“ಕೊಂಬಿನ ಮಾತು ಆಮ್ಯಾಲ ಆಡೋಣ್ರಿ ಬಾಯಾರ,” ಎಂದ ರಾಮದಾಸ. ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವನು. ಗಿರಾಕಿಗಳ ಮುಂದೆ ಬೆಣ್ಣೆಯಂಥ ಮಾತು, ಮನೆಯೊಳಗೆ ಬಂದರೆ ಬ್ಯಾಡಗಿ ಮೆಣಸಿನಕಾಯಿ. “ಕಳ್ಳ ಯಾರಂತ ನನಗ ಗೊತ್ತೈತಿ. ದೀಪ ಹಚ್ಚೋ ಹೊತ್ತಿಗೆ ಬೀದರಕ್ಕ ಫೋನ್ ಮಾಡಾಂವ ನಾನು. ಸಂಬಂಧ ಮುರೀತು, ನಿಮ್ಮ ಹುಡುಗನ್ನ ನೀವ ಇಟ್ಕೊಳ್ರಿ ಅಂತ ಹೇಳೇಬಿಡ್ತೀನಿ.”

ಮೊನ್ನೆ ಮಧ್ಯಾಹ್ನ ಈ ಗೂಟದಿಂದ ಮನೆತನದ ಗುರಾಣಿ, ಮನೆಯವರ ಬಾಯಲ್ಲಿ ಢಾಲು, ಮಾಯವಾಗಿತ್ತು. ಮಗಳು ಗಂಗಾಳ ಮದುವೆ ಹೊಸ್ತಿಲಿಗೆ ಬಂದು ನಿಂತಿತ್ತು. ಕಳುವಿನ ಗುಮಾನಿ ಬಿದ್ದದ್ದು ಬೇರೆ ಯಾರ ಮೇಲೂ ಅಲ್ಲ, ಮದುವೆಯ ಗಂಡು ಸಾಯಿಕುಮಾರನ ಮೇಲೇ.

ಆ ಹುಡುಗ ಒಳ್ಳೆಯವನು ಅಂತ ಮೂರು ತಿಂಗಳ ಹಿಂದೆ ಸರ್ಟಿಫಿಕೇಟು ಕೊಟ್ಟವಳೂ ಇದೇ ತುಳಸಾಬಾಯಿ. ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಕೆಲಸ ಬಿಟ್ಟು, ಕೋಠಿಯಲ್ಲಿ ಔಷಧದ ಅಂಗಡಿಯ ಮಾಳಿಗೆ ಮೇಲೆ ಪತ್ತೇದಾರಿಕೆಯ ಬೋರ್ಡು ತಗುಲಿಸಿದವಳು. ಸಾಫ್ಟ್‌ವೇರಿನ ಗಂಡುಗಳಿಗೆ ಹೆಣ್ಣು ಕೊಡುವ ಮಂದಿ ಆಕೆಯ ಮಾಳಿಗೆ ಹತ್ತದೆ ಅಕ್ಷತೆ ಹಾಕುತ್ತಿರಲಿಲ್ಲ. ಹುಡುಗ ಕುಡಿಯುತ್ತಾನೋ, ಅಮೆರಿಕ ಅಮೆರಿಕ ಅಂದು ಅಮೀರಪೇಟೆಯಲ್ಲೇ ಕೂತಿದ್ದಾನೋ, ಎಲ್ಲ ಆಕೆ ಬಗೆದು ತೆಗೆಯುತ್ತಿದ್ದಳು. ಸಾಯಿಕುಮಾರನನ್ನೂ ಬಗೆದಿದ್ದಳು. ಹುಳುಕು ಸಿಕ್ಕಿರಲಿಲ್ಲ.

“ಗುಮಾನಿಗೆ ಕಾರಣ ಇನ್ನೊಮ್ಮೆ ಹೇಳ್ರಿ,” ಎಂದಳು, ಗೂಟದಿಂದ ಕಣ್ಣು ತೆಗೆಯದೆ.

“ಎಷ್ಟ ಸಲ ಹೇಳ್ಲಿ? ಬಂದಾಗೊಮ್ಮೆ ಆ ಢಾಲಿನ ಮುಂದ ನಿಲ್ಲಾಂವ. ಮೊಬೈಲಿನಾಗ ಫೋಟೋ ಹೊಡ್ಯಾಂವ. ಮುಂದಿಂದು ಹೊಡದ್ರ ಹೊಡೀಲಿ, ಒಳಗಿಂದು ಯಾಕ ಬೇಕ್ರಿ ಅವಂಗ? ಅಂಚು ಯಾಕ ಬೇಕು? ಎಷ್ಟ ಹಳೇದು, ಯಾರು ಮಾಡಿದ್ದು, ಇಂಥಾದ್ದು ಇನ್ನೊಂದು ಐತೇನು ಅಂತ ಕೇಳೇ ಕೇಳಿದ. ಮೊನ್ನೆ ಮಧ್ಯಾಹ್ನ ನಾವು ಯಾರೂ ಇಲ್ಲದಾಗ, ಯವ್ವ ಒಳಕೋಣ್ಯಾಗ ಮಲಗಿದಾಗ, ಮಣಿಕೊಂಡದ ತನ್ನ ರೂಮಿನಿಂದ ಇಲ್ಲೀತನಕ ಬಂದು ಹೋಗ್ಯಾನ. ಎದುರುಮನಿಯವರು ನೋಡ್ಯಾರ.”

ತುಳಸಾಬಾಯಿಗೂ ಆ ಫೋಟೋದ ಮಾತು ಗಂಟಲಲ್ಲಿ ಮುಳ್ಳಾಗಿತ್ತು. ಒಳಗಿನ ಫೋಟೋ ಯಾಕೆ?

ಆದರೆ ಕೊಂಬು ಬೇರೆಯೇ ಕಥೆ ಹೇಳುತ್ತಿತ್ತು.

“ಆ ಕೊಂಬಿನ ಪದ್ಧತಿ ಏನ್ರಿ ಆಯಿ?” ಎಂದು ಆಕೆ ಮೂಲೆಯ ಮಂಚದತ್ತ ತಿರುಗಿದಳು.

ಮಂಚದ ಮೇಲೆ ರಾಮದಾಸನ ತಾಯಿ ಸೂಗಮ್ಮ ಕೂತಿದ್ದಳು. ಕಣ್ಣು ಮಂಜಾಗಿ ವರ್ಷಗಳಾಗಿದ್ದವು, ನಾಲಿಗೆಗೆ ಮಾತ್ರ ಇನ್ನೂ ಪ್ರಾಯ.

“ಢಾಲು ಗೂಟದಿಂದ ಇಳಿದ್ರ, ಗೂಟ ಖಾಲಿ ಬಿಡಬಾರದು ತಂಗೀ. ಹಿಂದ ದಂಡಿಗೆ ಹೋಗೂ ಮುಂದ ಮನಿ ಗಂಡಸು ಢಾಲು ಇಳಿಸ್ಕೊಂತಿದ್ದ. ಹೆಂಗಸು ಆ ಗೂಟಕ್ಕ ಅರಿಷಿಣ ಕೊಂಬು ಕಟ್ಟತಿದ್ಲು. ಹೋದದ್ದು ತಿರುಗಿ ಬರ್ತೈತಿ ಅಂತ. ಬಂದ ಮ್ಯಾಲೇನ ಕೊಂಬು ಬಿಚ್ಚೋದು. ಖಾಲಿ ಗೂಟ ಅಂದ್ರ ಬರಂಗಿಲ್ಲ ಅಂತ ಅರ್ಥ. ಈಗ ದಂಡೂ ಇಲ್ಲ, ದಾಳೀನೂ ಇಲ್ಲ. ಆದ್ರೂ ದಸರಾಕ್ಕ ಎಣ್ಣಿ ಹಚ್ಚಾಕ ಇಳಿಸಿದ್ರೂ ಕೊಂಬು ಕಟ್ಟೇ ಕಟ್ತೀವಿ.”

“ಹಂಗಾದ್ರ ಈ ಸಲ ನೀವ ಕಟ್ಟಿದ್ರ್ಯಾ?”

“ನಾ ಸ್ಟೂಲು ಹತ್ತೋ ಪೈಕೀನ? ಸೊಸಿ ಕಟ್ಟಿರ್ತಾಳ.”

ಸೊಸೆ ಸುವರ್ಣಾ ಗಾಬರಿಯಾದಳು. “ನಾ ಅಲ್ರಿ ಅತ್ತೀ! ಢಾಲು ಇಲ್ಲ ಅಂತ ನಾ ಬೊಬ್ಬಿ ಹೊಡದಾಗನ ಕೊಂಬು ಇತ್ತು. ಇವರ ಕಟ್ಯಾರ ಅಂತ...”

“ನಾ ಅಂಗಡ್ಯಾಗಿದ್ದೆ!” ಎಂದ ರಾಮದಾಸ.

ಎರಡು ದಿನದಿಂದ ಕೊಂಬು ಎಲ್ಲರ ಕಣ್ಣೆದುರಿಗೇ ತೂಗುತ್ತಿತ್ತು. ನೀನು ಕಟ್ಟಿದೆಯಾ ಅಂತ ಒಬ್ಬರೂ ಇನ್ನೊಬ್ಬರನ್ನು ಕೇಳಿರಲಿಲ್ಲ. ಕೊಂಬು ಇಲ್ಲದಿದ್ದರೆ ಹೌಹಾರುತ್ತಿದ್ದರು. ಇದ್ದದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಬೇರೆ ಯಾರ ಮನೆಯಲ್ಲೂ ಇಂಥ ತಪ್ಪು ಆಗುತ್ತಿರಲಿಲ್ಲ.

ತುಳಸಾಬಾಯಿ ಸ್ಟೂಲಿನಿಂದ ಇಳಿದು, ಹೊರಗೆ ಹೋಗಿ ಒಂದು ಫೋನ್ ಮಾಡಿ ಬಂದಳು.

“ರಾಮದಾಸರ, ಫೋನು ಕಿಸೆಯೊಳಗ ಇಡ್ರಿ. ಸಾಯಿಕುಮಾರಗ ಈ ಪದ್ಧತಿ ಗೊತ್ತಿಲ್ಲ. ಈಗ ಫೋನ್ ಮಾಡಿ ಕೇಳಿದೆ, ಢಾಲು ಇಳಿಸಿದ ಮ್ಯಾಲ ಗೂಟಕ್ಕ ಏನ್ ಮಾಡ್ಬೇಕಪಾ ಅಂತ. ‘ಧೂಳು ಒರಸಬೇಕೇನ್ರಿ?’ ಅಂದ. ಢಾಲು ಇಳಿಸಿದವರು ಈ ಮನಿಯವರು. ಇನ್ನೊಂದು ಮಾತು. ಕೊಂಬು ಕಟ್ಟ್ಯಾರ ಅಂದ್ರ, ತಿರುಗಿ ತರೋ ಮನಸು ಅವರಿಗೆ ಐತಿ.”

ಸುವರ್ಣಾ ಗೂಟ ನೋಡಿದಳು. ರಾಮದಾಸನೂ ನೋಡಿದ. ಸೂಗಮ್ಮ ಕಾಣದಿದ್ದರೂ ಆ ಕಡೆಗೇ ಮುಖ ತಿರುಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಗಂಗಾ ಒಬ್ಬಳೇ ಗೂಟ ನೋಡಲಿಲ್ಲ. ಅವಳ ಕಣ್ಣು ಅಪ್ಪನ ಕೈಯಲ್ಲಿದ್ದ ಮೊಬೈಲಿನ ಮೇಲಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಈ ಹುಡುಗಿ ಹೆಗಲನ್ನೂ ಮುಟ್ಟಿಕೊಳ್ಳದಷ್ಟು ಹುಷಾರಿ. ಅದೇ ತುಳಸಾಬಾಯಿಗೆ ಸಾಕಾಯಿತು.

ಹೊರಡುವ ಮೊದಲು ಗೋಡೆಯ ಮೇಲೆ ಇನ್ನೊಂದು ಸಲ ಕಣ್ಣಾಡಿಸಿದಳು. ಗೂಟದ ಪಕ್ಕ ಸುಣ್ಣ ಮಾಸದ ಒಂದು ಚೌಕವಿತ್ತು. ಅಲ್ಲಿ ಹಿಂದೊಮ್ಮೆ ಫೋಟೋ ಇದ್ದಿರಬೇಕು.

“ಇದು ಯಾರದಿತ್ತು?”

“ಆ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ,” ಎಂದ ರಾಮದಾಸ.

“ನನ್ನ ದೊಡ್ಡ ಮಗಂದು,” ಎಂದಳು ಸೂಗಮ್ಮ, ಮಗನ ಮಾತಿಗೆ ಸೊಪ್ಪು ಹಾಕದೆ. “ವಿಜಯಕುಮಾರ. ಅಣ್ಣ ತಮ್ಮ ಜಗಳಾಡಿದ್ರು. ದೊಡ್ಡಾಂವ ಉಟ್ಟ ಬಟ್ಟೀಲೆ ಹೋದ. ಇದ್ದಾನೋ ಇಲ್ಲೋ, ಸುದ್ದಿ ಇಲ್ಲ. ಆಗಿಂದ ನಾನೂ ಢಾಲು ಮುಟ್ಟಿಲ್ಲ ತಂಗೀ. ಎಣ್ಣಿ ಹಚ್ಚೋದು ರಾಮ್ಯಾನ.”

ರಾಮದಾಸ ಕೆಮ್ಮಿದ. ಮಾತು ಅಲ್ಲಿಗೇ ನಿಂತಿತು.

*

ಗಂಗಾ ಮಾಳಿಗೆಯ ಕೋಣೆಯಲ್ಲಿ ಮದುವೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಹೈಟೆಕ್ ಸಿಟಿಯ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುವ ಹುಡುಗಿ, ಮದುವೆಗೆಂದು ರಜೆ ಹಾಕಿದ್ದಳು. ಕೈ ಚುರುಕಾಗಿತ್ತು.

ತುಳಸಾಬಾಯಿ ಚಾಪೆಯ ಮೇಲೆ ಕೂತು ಒಂದು ಕುಚ್ಚು ಎತ್ತಿ ನೋಡಿದಳು. ಗಿಳಿಹಸಿರು ರೇಷ್ಮೆ ದಾರ.

“ಭಾಳ ಚಂದ ಕಟ್ಟೀ ತಂಗೀ. ಗೂಟದಾಗಿನ ಕೊಂಬಿಗೂ ಇದ ದಾರ ಕಟ್ಟೀಯಲ್ಲ.”

ಸೂಜಿ ಗಂಗಾಳ ಬೆರಳಿಗೆ ಚುಚ್ಚಿತು.

“ಮೌಶಿ...”

“ಅಳಾಕ ಹೊತ್ತಿಲ್ಲ. ನಿಮ್ಮಪ್ಪ ಬೀದರಕ್ಕ ಫೋನ್ ಮಾಡಾಕ ಬೆರಳು ತಿಕ್ಕಾಕತ್ತಾನ. ಅಂವ ಮಾಡಿದ್ರ ನಿನ್ನ ಮದಿವಿ ಹೋತು. ಢಾಲು ಎಲ್ಲೈತಿ?”

“ಅಪ್ಪಗ ಹೇಳಬ್ಯಾಡ್ರಿ ಮೌಶಿ.”

“ಹೇಳದ ಇದ್ರ ಆ ಹುಡುಗ ಕಳ್ಳ ಆಗ್ತಾನ.”

“ಅಂವನ ಹಂಗ ಅಂದದ್ದು!” ಗಂಗಾ ಸೆರಗಿನಿಂದಲೇ ಕಣ್ಣೊರೆಸಿಕೊಂಡಳು. ಮದುವೆ ಸೀರೆ ಅನ್ನುವ ಪರಿವೆಯೂ ಇರಲಿಲ್ಲ. “ಮದಿವಿ ದಿನ ಗಂಡು ಢಾಲು ಹಿಡದು ಹೆಣ್ಣಿನ ತಲಿ ಮ್ಯಾಲ ಎತ್ತಬೇಕು. ಅದರ ಕೆಳಗಿಂದನ ನಾ ಹೊಸ್ತಿಲು ದಾಟಬೇಕು. ಕೈ ನಡುಗಬಾರದಂತ ಅಂವಗ ನಾನ ಹೇಳಿದ್ದೆ, ಆಯಿ ಮಲಗಿದ ಮ್ಯಾಲ, ಯಾರೂ ಇಲ್ಲದಾಗ ಬಂದು ಒಂದ್ಸಲ ಎತ್ತಿ ನೋಡು ಅಂತ. ಮೊನ್ನಿ ಬಂದ. ಎತ್ತಿದ. ಕೈಹಿಡಿ ಪಟ್ಟಿ ಪಟಕ್ಕನ ಹರೀತು.”

“ಅಷ್ಟ?”

“ಅಷ್ಟ ಅಂತೀರೇನ್ರಿ? ಗಂಡಿನ ಕೈಯಾಗ ಢಾಲು ಹರೀತು ಅಂದ್ರ ಆಯಿ ಏನಂತಾಳ? ಅಪ್ಪ ಏನಂತಾನ? ಅಪಶಕುನದ ಹುಡುಗ ಅಂತ ಅವತ್ತ ಸಂಬಂಧ ಬಿಡ್ತಿದ್ರು. ನಾ ಹೇಳೇಬಿಡ್ತೀನಿ ಅಂದೆ. ಅಂವ ಬ್ಯಾಡ ಅಂದ. ‘ಕಳ್ಳ ಅಂತ ಅಂದ್ರ ಢಾಲು ಬಂದ ದಿನ ಆ ಮಾತು ತೊಳದು ಹೋಗ್ತೈತಿ. ಅಪಶಕುನದವ ಅಂದ್ರ ಸಾಯೂತನ ಹೋಗಂಗಿಲ್ಲ. ರಿಪೇರಿ ಆಗೂತನ ಸುಮ್ಮನಿರು,’ ಅಂದ.”

ತುಳಸಾಬಾಯಿ ಕುಚ್ಚನ್ನು ಮೆಲ್ಲಗೆ ಕೆಳಗಿಟ್ಟಳು. ತಾನು ಕೊಟ್ಟ ಸರ್ಟಿಫಿಕೇಟು ಕಡಿಮೆಯಾಯಿತು, ಇನ್ನೆರಡು ಸಾಲು ಸೇರಿಸಬೇಕಿತ್ತು ಅನ್ನಿಸಿತು.

“ಹಗಲೊತ್ತಿನಾಗ ಅಷ್ಟ ದೊಡ್ಡದು ಹೆಂಗ ಒಯ್ದಿ?”

ಗಂಗಾಳ ಮುಖದಲ್ಲಿ ಅಳುವಿನ ನಡುವೆಯೇ ಒಂದು ಕಳ್ಳನಗೆ ಹಾದು ಹೋಯಿತು. “ಬೋರಲು ಅಲ್ಲ, ಅಂಗಾತ ಇಟ್ಟೆ. ಒಳಗ ಎರಡು ತೆಂಗಿನಕಾಯಿ, ಕುಬುಸದ ಖಣ. ಮ್ಯಾಲ ಜರಿ ಬಟ್ಟಿ ಮುಚ್ಚಿದೆ. ಸುಲ್ತಾನ್ ಬಜಾರಿನಾಗ ಈಗ ಎಲ್ಲಾರ ಕೈಯಾಗೂ ಮದಿವಿ ಸಾಮಾನಿನ ದೊಡ್ಡ ತಾಟು, ಪರಾತನ ಅಲ್ರಿ? ಎದುರಿಗೆ ಬಂದವರು ದಾರಿ ಬಿಟ್ರು.”

“ಭಲೆ! ನೀ ಟೆಸ್ಟಿಂಗ್ ಬಿಟ್ಟು ನನ್ನ ಆಫೀಸಿಗೆ ಬಾ. ಎದ್ದೇಳು, ಚಪ್ಪಲಿ ಹಾಕ್ಕೋ.”

*

ಯಾದಗಿರಿ ಕಡೆಯ ಸಾಬಣ್ಣನ ಆಟೋ ಕೋಠಿಯ ಗದ್ದಲದಲ್ಲಿ ನುಸುಳಿ, ಪುಸ್ತಕದಂಗಡಿಗಳ ಹಿಂದಿನ ಓಣಿಯಲ್ಲಿ ನಿಂತಿತು. ಅಲ್ಲಿ ಅಂಬಾದಾಸನ ಅಂಗಡಿ. ಮದುವೆ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವವನು. ಸಾಫ್ಟ್‌ವೇರ್ ಮದುವೆಗಳ ಕೃಪೆಯಿಂದ ಆ ಕುದುರೆಗಳಿಗೂ ಬಿಡುವಿರಲಿಲ್ಲ, ಅವನಿಗೂ ಇರಲಿಲ್ಲ.

“ಬಾರವ್ವಾ, ನಿನ್ನ ಢಾಲು ತಯಾರೈತಿ,” ಎಂದು ಗೋಣಿಚೀಲದ ಮರೆಯಿಂದ ಎತ್ತಿ ತಂದ. “ಈಗ ಆನಿ ಜಗ್ಗಿದ್ರೂ ಹರಿಯಂಗಿಲ್ಲ.”

ಇತ್ತು. ದೊಡ್ಡ ಪರಾತದಷ್ಟು ಅಗಲ, ಕಪ್ಪಗೆ, ದುಂಡಗೆ. ಎದೆಯ ಮೇಲೆ ನಾಲ್ಕು ಹಿತ್ತಾಳೆ ಗುಬ್ಬಿಗಳು, ಅಂದರೆ ಉಬ್ಬು ಮೊಳೆಗಳು. ಒಳಗೆ ಮುಷ್ಟಿಗೆ ಒತ್ತಾಗದಂತೆ ಒಂದು ಚಿಕ್ಕ ಗಾದಿ, ಅದರ ಮೇಲೆ ಎರಡು ಹೊಸ ಪಟ್ಟಿ. ಗಂಗಾ ಅದನ್ನು ಅವಚಿಕೊಂಡು ನಿಂತಳು. ಮದುವೆ ಉಳಿಯಿತು ಅನ್ನುವ ನಗೆ ಅವಳ ಮುಖದ ತುಂಬ.

ತುಳಸಾಬಾಯಿ ಮಾತ್ರ ನೆಲದ ಮೇಲೆ ಬಿದ್ದಿದ್ದ ಹಳೆಯ ಪಟ್ಟಿಯ ತುಂಡುಗಳನ್ನು ಆರಿಸುತ್ತಿದ್ದಳು. ಪೊಲೀಸ್ ಚಾಳಿ, ಎಲ್ಲಿ ಹೋಗುತ್ತದೆ?

“ಇದು ನೀ ಬಿಚ್ಚಿದ ದಾರ ಏನೋ ಅಂಬಾದಾಸ?”

“ಹೌದ್ರಿ.”

“ಮಿಂಚತೈತಲ್ಲೋ.”

“ನೈಲಾನ್ ಅಲ್ರೀ, ಮಿಂಚದ ಏನ್ ಮಾಡ್ತೈತಿ? ಮೊದಲ ಯಾರೋ ಒಮ್ಮೆ ರಿಪೇರಿ ಮಾಡ್ಯಾರ ಅಂದ್ಕೊಂಡೆ.”

ತುಳಸಾಬಾಯಿ ಗುರಾಣಿ ಇಸಿದುಕೊಂಡಳು. ಮೂಸಿ ನೋಡಿದಳು. ಮೇಲೆ ಎಣ್ಣೆ ವಾಸನೆ. ಅಂಚಿನ ಹತ್ತಿರ ಉಗುರಿನಿಂದ ಕೆರೆದು ಮತ್ತೆ ಮೂಸಿದಳು. ಬೂಟ್ ಪಾಲೀಶು. ಪೊಲೀಸ್ ಲೈನಿನಲ್ಲಿ ಇಪ್ಪತ್ತು ವರ್ಷ ಮೂಗಿಗೆ ಅಡರಿದ ವಾಸನೆ ಅದು, ತಪ್ಪುವ ಮಾತೇ ಇಲ್ಲ. ಗಾದಿಯ ಹೊಲಿಗೆ ಬಿಡಿಸಿ ನೋಡಿದರೆ ಅಲ್ಲೂ, ಅಂಬಾದಾಸ ಮುಟ್ಟದ ಕಡೆಯಲ್ಲೂ, ಅದೇ ನೈಲಾನು.

ಯಾವ ಮುತ್ತಜ್ಜ ನೈಲಾನಿನಲ್ಲಿ ಗುರಾಣಿ ಹೊಲಿಸಿದ್ದ?

ಆಕೆಗೆ ಸಾಯಿಕುಮಾರನ ಫೋಟೋಗಳು ನೆನಪಾದವು. ಒಳಗಿನ ಫೋಟೋ, ಅಂಚಿನ ಫೋಟೋ, ಇಂಥಾದ್ದು ಇನ್ನೊಂದು ಐತೇನು ಎಂಬ ಪ್ರಶ್ನೆ. ಇದು ನಕಲು ಅಂತ ಗೊತ್ತಾದರೆ ರಾಮದಾಸ ಯಾರ ಹೆಸರು ಹೇಳುತ್ತಾನೆ ಅಂತ ಬೇರೆ ಕೇಳಬೇಕೆ? ಫೋಟೋ ತೆಗೆದು, ನಕಲು ಮಾಡಿಸಿ, ಅಸಲು ಹಾರಿಸಿದ ಅನ್ನುತ್ತಾನೆ. ಕೂಸು ಬಂತು ಅನ್ನುವಷ್ಟರಲ್ಲಿ ಬಾಣಂತಿಗೆ ಜ್ವರ ಬಂದಂತಾಯಿತಲ್ಲಪ್ಪ!

ಗಂಗಾ ಆಟೋದಲ್ಲಿ ಕೂತು ಗುರಾಣಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. “ಮೌಶಿ, ಅಂವಗೂ ಫೋನ್ ಮಾಡೀನಿ. ಆಫೀಸಿನಿಂದ ಸೀದಾ ಮನಿಗೆ ಬರಾಕತ್ತಾನ. ಎಲ್ಲಾ ಸರಿ ಆತಲ್ರಿ?”

ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. “ನೋಡೋಣು ತಂಗೀ,” ಎಂದಳು ತುಳಸಾಬಾಯಿ.

*

ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದರು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು.

ಗಂಗಾ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಪಟ್ಟಿ ಹರಿದದ್ದು, ಪರಾತದ ಯುಕ್ತಿ, ಸಾಯಿಕುಮಾರ ಸುಮ್ಮನಿರು ಅಂದದ್ದು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ರಾಮದಾಸನ ಮುಖ ಮೊದಲು ಕೆಂಪಾಗಿ, ಆಮೇಲೆ ಸಪ್ಪಗಾಯಿತು.

“ನನಗ ಒಂದ ಮಾತು ಹೇಳಿದ್ರ ನಾ ಏನ್ ತಿಂದು ಬಿಡ್ತಿದ್ನೇನು?”

“ತಿಂತಿದ್ದಿ,” ಎಂದಳು ಮಂಚದ ಮೇಲಿಂದ ಸೂಗಮ್ಮ. “ಉಪ್ಪಿನಕಾಯಿ ಇಲ್ಲದ ತಿಂತಿದ್ದಿ.”

ಸುವರ್ಣಾ ಬಾಯಿಗೆ ಸೆರಗು ಒತ್ತಿ ನಕ್ಕಳು. ನಗುತ್ತಲೇ ಸಕ್ಕರೆ ತರಲು ಒಳಗೆ ಓಡಿದಳು.

“ಆಯಿ ಏನೂ ಅನ್ನಂಗಿಲ್ಲೇನು?” ಎಂದಳು ಗಂಗಾ ಅಳುಕುತ್ತ. “ಪಟ್ಟಿ ಹರಿದದ್ದಕ್ಕ?”

“ಹುಚ್ಚಿ. ತೊಗಲು ಅಂದ ಮ್ಯಾಲ ಹರೀತೈತಿ. ನಿಮ್ಮಜ್ಜನ ಕೈಯಾಗೂ ಒಮ್ಮೆ ಹರಿದಿತ್ತು. ನಮ್ಮ ಸಂಸಾರ ಏನು ಹಾಳಾತೇನು? ಇಲ್ಲಿ ತಾ ಅದನ್ನ. ನನ್ನ ತೊಡಿ ಮ್ಯಾಲ ಇಡು.”

ತುಳಸಾಬಾಯಿ ಮುಂದೆ ಬಂದಳು. “ಆಯಿ, ಸ್ವಲ್ಪ ತಡೀರಿ. ನಾ ಒಂದು ಮಾತು ಹೇಳಬೇಕು...”

ಆದರೆ ಗುರಾಣಿ ಆಗಲೇ ಮುದುಕಿಯ ತೊಡೆ ಸೇರಿತ್ತು. ಆಕೆ ಅದರ ಎದೆ ಸವರಲಿಲ್ಲ, ಗುಬ್ಬಿ ಮುಟ್ಟಲಿಲ್ಲ. ಸೀದಾ ಅಂಚಿಗೆ ಹೆಬ್ಬೆರಳು ಒತ್ತಿ, ಸುತ್ತ ತಿರುಗಿಸುತ್ತ ಹೋದಳು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಮುಖದ ನಗೆ ಇಳಿಯಿತು.

“ಎಲ್ಲೈತಿ?”

“ಏನು ಆಯಿ?”

“ನನ್ನ ವಿಜೂನ ಹಲ್ಲು.” ಸೂಗಮ್ಮನ ಹೆಬ್ಬೆರಳು ಇನ್ನೂ ಹುಡುಕುತ್ತಲೇ ಇತ್ತು. “ಈ ಮನಿ ಕೂಸಿಗೆ ಹೆಸರಿಡೋ ದಿನ ಇದರಾಗ ಮಲಗಿಸ್ತೀವಿ. ವಿಜೂಗ ಆಮ್ಯಾಲೂ ಇದ ತೊಟ್ಟಿಲು ಆಗಿತ್ತು, ಇದರಾಗ ಹಾಕಿದ್ರನ ಅಳು ನಿಲ್ಲಿಸ್ತಿದ್ದ. ಹಲ್ಲು ಬರೋ ಮುಂದ ಅಂಚಿನ ಮೆತ್ತನ ತೊಗಲು ಕಚ್ಚಿ ಕಚ್ಚಿ ಗುರುತು ಮಾಡಿದ್ದ. ನಿಮ್ಮಜ್ಜ ಬೈತಾನಂತ ನಾ ಯಾರಿಗೂ ಹೇಳಿಲ್ಲ, ಎಣ್ಣಿ ಹಚ್ಚಿ ಹಚ್ಚಿ ಮುಚ್ಚಿಟ್ಟೆ. ವಿಜೂ ಮನಿ ಬಿಟ್ಟು ಹೋದ ಮ್ಯಾಲ ಅದನ್ನ ಮುಟ್ಟೋ ಧೈರ್ಯ ಆಗಲಿಲ್ಲ. ಇದರಾಗ ಅದಿಲ್ಲ. ಇದು ನಮ್ಮ ಢಾಲಲ್ಲ.”

ಸಕ್ಕರೆ ಬಟ್ಟಲು ಹಿಡಿದು ಬಂದ ಸುವರ್ಣಾ ಬಾಗಿಲಲ್ಲೇ ನಿಂತಳು.

“ಹೌದ್ರಿ,” ಎಂದಳು ತುಳಸಾಬಾಯಿ, ಮುಚ್ಚಿಟ್ಟು ಫಲವಿರಲಿಲ್ಲ. “ಇದು ನಕಲು. ಒಳಗೆಲ್ಲ ನೈಲಾನ್ ದಾರ ಐತಿ.”

ರಾಮದಾಸನಿಗೆ ಜೀವ ಬಂದಂತಾಯಿತು. ಸಿಟ್ಟಿಗೆ ಮತ್ತೆ ಕಾಲು ಸಿಕ್ಕಿತ್ತು.

“ಗೊತ್ತಿತ್ತು! ಅದಕ್ಕ ಅಂಚಿನ ಫೋಟೋ, ಅದಕ್ಕ ಒಳಗಿನ ಫೋಟೋ! ನಕಲು ಮಾಡಿಸಿ ಗೂಟಕ್ಕ ಹಾಕಿ, ಅಸಲು ಹೊಡಕೊಂಡು ಹೋಗ್ಯಾನ. ಪಟ್ಟಿ ಹರಿದದ್ದೂ ನಾಟಕ!”

“ಅಪ್ಪಾ!”

“ನೀ ಸುಮ್ಮನಿರು!” ಮೊಬೈಲು ಕಿಸೆಯಿಂದ ಹೊರಬಂತು. ಬೆರಳು ಬೀದರಿನ ನಂಬರು ಹುಡುಕತೊಡಗಿತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು.

ಸಾಯಿಕುಮಾರ ಒಳಗೆ ಬಂದ. ಸಣಕಲು ಹುಡುಗ, ಕೈಯಲ್ಲಿ ಹೆಲ್ಮೆಟ್ಟು, ಕೊರಳಲ್ಲಿ ಇನ್ನೂ ಆಫೀಸಿನ ಬಿಲ್ಲೆ. ರಾಮದಾಸನ ಮುಖ ನೋಡಿ ಅವನಿಗೆ ಅರ್ಥವಾಗಿರಬೇಕು, ಹೊಸ್ತಿಲ ಹತ್ತಿರವೇ ನಿಂತ.

“ಮಾಮಾ, ತಪ್ಪು ನಂದ...”

“ಅಸಲು ಎಲ್ಲೈತಿ ಹೇಳು!”

ಸಾಯಿಕುಮಾರ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲೆ ಬಿತ್ತು. ಗುರಾಣಿ ಇಲ್ಲದ ಗೂಟವನ್ನು ಅವನು ನೋಡಿದ್ದು ಅದೇ ಮೊದಲು. ಮೊನ್ನೆ ಪಟ್ಟಿ ಹರಿದ ಕೂಡಲೇ ಗಂಗಾ ಅವನನ್ನು ಅವಸರದಿಂದ ಹೊರಗೆ ದಬ್ಬಿದ್ದಳು, ಕೊಂಬು ಕಟ್ಟಿದ್ದು ಆಮೇಲೆ.

“ಅದು... ಆ ಅರಿಷಿಣ ಕೊಂಬು ಇಲ್ಲಿ ಯಾಕೈತ್ರಿ?”

“ಮಾತು ಮರಸಬ್ಯಾಡ!” ಎಂದ ರಾಮದಾಸ.

“ರಾಮದಾಸರ, ಒಂದು ಗಳಿಗಿ ಬಾಯಿ ಮುಚ್ರಿ,” ಎಂದಳು ತುಳಸಾಬಾಯಿ, ಹೆಡ್ ಕಾನ್‌ಸ್ಟೇಬಲ್ ದನಿಯಲ್ಲಿ. ರಾಮದಾಸ ಮುಚ್ಚಿದ. “ಯಾಕಪಾ, ನೀ ಮೊದಲ ಇದನ್ನ ಎಲ್ಲಿ ನೋಡೀ?”

ಸಾಯಿಕುಮಾರ ಹೆಲ್ಮೆಟ್ಟು ಕೆಳಗಿಟ್ಟ.

“ನಮ್ಮ ಕಂಪನ್ಯಾಗ್ರಿ. ಒಳಗ ಹೋಗೋ ಬಾಗಿಲ ಹತ್ರ, ಗ್ವಾಡಿಗೆ ಇಂಥಾದ್ದ ಢಾಲು ಐತಿ. ಗಾಜಿನ ಕಪಾಟಿನಾಗ. ಇಲ್ಲಿ ಮೊದಲ ಸಲ ಬಂದಾಗ ದಂಗು ಬಡದೆ. ಅದ ನಾಲ್ಕು ಗುಬ್ಬಿ, ಅದ ಅಳತಿ. ಎರಡೂ ಒಂದ ಜೋಡಿ ಇರಬೇಕು ಅನಿಸ್ತು. ಅದಕ್ಕ ಫೋಟೋ ತಗದು ಹೋಲಿಸಿ ನೋಡಿದೆ. ಎಲ್ಲಾ ಒಂದ ಥರ. ಒಂದು ಮಾತ್ರ ಬ್ಯಾರೆ. ಅಲ್ಲಿದ್ದದ್ದರ ಅಂಚಿನ ಮ್ಯಾಲ ಇಲಿ ಕಡಿದಂಗ ಗುರುತು ಐತಿ.”

ಸೂಗಮ್ಮನ ಕೈ ಗುರಾಣಿಯ ಮೇಲೆ ನಿಂತುಹೋಯಿತು.

“ಇಲಿ ಅಲ್ಲಪಾ,” ಎಂದಳು. ದನಿ ಬದಲಾಗಿತ್ತು.

“ಮೊದಲ ಯಾಕ ಹೇಳಲಿಲ್ಲ?” ಎಂದಳು ತುಳಸಾಬಾಯಿ.

“ಹೆಂಗ ಹೇಳ್ಲಿ? ಮದಿವಿ ಮುಂದ ಇಟ್ಕೊಂಡು, ನಿಮ್ಮ ಮನಿ ಢಾಲು ನಕಲಿ ಇರಬೇಕು ಮಾಮಾ ಅಂತ ಅನ್ನಾಕ ಬರ್ತೈತೇನ್ರಿ? ಅದೂ ಖಾತ್ರಿ ಇಲ್ಲದ?” ಸಾಯಿಕುಮಾರ ಮತ್ತೆ ಗೂಟ ನೋಡಿದ. “ಕೊಂಬಿನ ಮಾತು ಕೇಳ್ರಿ. ಒಂದು ಶನಿವಾರ ನನಗ ಡ್ಯೂಟಿ ಇತ್ತು, ಆಫೀಸಿನಾಗ ಯಾರೂ ಇರಲಿಲ್ಲ. ಅಲ್ಲಿ ಸಾಮಾನು ಸರಂಜಾಮು ನೋಡ್ಕೊಳ್ಳೋ ಮನುಷ್ಯಾ ಒಬ್ಬ ಅದಾನ. ನೀಲಿ ಅಂಗಿ, ಬಿಳೀ ಗಡ್ಡ. ಯಾರ ಜೋಡೀನೂ ಮಾತಿಲ್ಲ. ಅಂವ ಕಪಾಟು ತಗದು ಢಾಲಿಗೆ ಎಣ್ಣಿ ಹಚ್ಚಾಕತ್ತಿದ್ದ. ಢಾಲು ಇಳಿಸಿದ ಮೊಳಿಗೆ ಹಿಂಗ, ಥೇಟ್ ಹಿಂಗ, ದಾರದಾಗ ಅರಿಷಿಣ ಕೊಂಬು ಕಟ್ಟಿ ತೂಗು ಹಾಕಿದ್ದ.”

ಹೊರಗೆ ಬಜಾರಿನ ಗದ್ದಲ ಒಮ್ಮೆಲೇ ದೊಡ್ಡದಾಗಿ ಕೇಳಿಸಿತು.

ಈ ಊರಲ್ಲಿ ಖಾಲಿ ಗೂಟಕ್ಕೆ ಕೊಂಬು ಕಟ್ಟುವ ಮನೆ ಒಂದೇ. ಆ ಮನೆಯವರೆಲ್ಲ ಇಲ್ಲೇ ಇದ್ದರು, ಒಬ್ಬನನ್ನು ಬಿಟ್ಟು.

“ಅಣ್ಣಾ...” ಎಂದ ರಾಮದಾಸ. ಯಾರಿಗೂ ಕೇಳಿಸದಂತೆ ಅಂದೆ ಅಂದುಕೊಂಡಿದ್ದ. ಎಲ್ಲರಿಗೂ ಕೇಳಿಸಿತು. ಆ ಹೆಸರು ತೆಗೆಯಬೇಡಿ ಅಂದವನ ಕಣ್ಣಲ್ಲೇ ಮೊದಲು ನೀರು ಬಂತು.

ಅವನ ಕೈಯ ಮೊಬೈಲಿನಿಂದ ಸಣ್ಣ ದನಿಯೊಂದು ಕೂಗುತ್ತಿತ್ತು. ಬೆರಳು ನಂಬರು ಒತ್ತಿಬಿಟ್ಟಿತ್ತು. ಬೀದರಿನಿಂದ ಬೀಗರು, “ಹಲೋ, ಹಲೋ, ರಾಮದಾಸರ?” ಅನ್ನುತ್ತಿದ್ದರು.

ರಾಮದಾಸ ಫೋನು ಕಿವಿಗೆ ಹಿಡಿದ. ಗಂಗಾ ಕಣ್ಣು ಮುಚ್ಚಿಕೊಂಡಳು.

“ಹಾಂ, ನಮಸ್ಕಾರ್ರಿ ಬೀಗರ. ಏನಿಲ್ರಿ. ಅಳಿಯಾರು ಇಲ್ಲೇ ನಮ್ಮ ಮನ್ಯಾಗ ಅದಾರ, ಅದನ್ನ ಹೇಳೋಣಂತ. ಮದಿವಿ ತಯಾರಿ ಜೋರ್ ನಡಸ್ರಿ. ಆಮ್ಯಾಲ ಮಾತಾಡ್ತೀನಿ.”

ಗಂಗಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸುವರ್ಣಾ ಅವಳ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು.

“ನಾಳಿಗೆ ಹೋಗಿ ಆ ಮನುಷ್ಯನ್ನ ನೋಡೋಣು,” ಎಂದಳು ತುಳಸಾಬಾಯಿ. “ನಕಲು ಯಾಕ ಇಲ್ಲಿಗೆ ಬಂತು, ಅಸಲು ಯಾಕ ಅಲ್ಲಿಗೆ ಹೋತು, ಅವನ ಬಾಯಿಂದನ...”

“ನಾಳಿಗೆ ಆಗಂಗಿಲ್ರಿ,” ಎಂದ ಸಾಯಿಕುಮಾರ. “ನಮ್ಮ ಕಂಪನಿ ಪುಣೆಯೊಳಗ ಹೊಸಾ ಆಫೀಸು ತಗದೈತಿ. ಢಾಲು ಅಲ್ಲಿಗೆ ಹೊಂಟೈತಿ. ನಾ ಬರೋ ಮುಂದ ಅದನ್ನ ಪೆಟ್ಟಿಗಿಗೆ ಹಾಕಾಕತ್ತಿದ್ರು. ಲಾರಿ ಬಂದು ನಿಂತೈತಿ. ಆ ಮನುಷ್ಯಾನೂ ಅದರ ಜೋಡೀನ ಹೊಂಟಾನ.”

ಮಂಚ ಕಿರುಗುಟ್ಟಿತು.

ಸೂಗಮ್ಮ ಎದ್ದು ನಿಂತಿದ್ದಳು. ವರ್ಷಗಳಿಂದ ಹೊಸ್ತಿಲು ದಾಟದವಳು. ಒಂದು ಕೈ ಗೋಡೆಯ ಮೇಲಿತ್ತು, ಇನ್ನೊಂದು ಕೈ ಗಾಳಿಯಲ್ಲಿ ಹುಡುಕಿ ಸಾಯಿಕುಮಾರನ ಹೆಗಲು ಹಿಡಿಯಿತು.

“ನಡೀಪಾ. ನೀ ಮುಂದ, ನಾ ಹಿಂದ. ಏ ಸಾಬಣ್ಣಾ! ಆಟೋ ಚಾಲೂ ಮಾಡು!”

“ಯವ್ವಾ, ಮಣಿಕೊಂಡದ ಆಚೆಗೈತಿ, ಭಾಳ ದೂರ. ಈ ಟ್ರಾಫಿಕ್ಕಿನಾಗ...” ಎಂದ ರಾಮದಾಸ.

“ದೂರ ಅಂತ ನನಗ ಹೇಳ್ತೀಯೇನು? ನೀನೂ ಚಪ್ಪಲಿ ಮೆಟ್ಟು. ಜಗಳಾಡಿದಾಂವ ನೀನ, ಕರದು ತರಾಂವನೂ ನೀನ.”

ಎಲ್ಲರೂ ಬಾಗಿಲಿಗೆ ನುಗ್ಗಿದರು. ಮಂಚದ ಮೇಲೆ ನಕಲಿ ಗುರಾಣಿ ಬಿದ್ದಿತ್ತು. ಸುವರ್ಣಾಳಿಗೆ ಅದನ್ನು ಹಾಗೆ ನೋಡಿ ಸಹಿಸಲಾಗಲಿಲ್ಲ. ಎತ್ತಿಕೊಂಡು, ಸ್ಟೂಲು ಹತ್ತಿ, ಇಷ್ಟು ವರ್ಷದ ರೂಢಿಯಂತೆ ಗೂಟದ ಕೊಂಬಿಗೆ ಕೈ ಹಾಕಿದಳು.

ಹೊರಗೆ ಆಟೋ ಹತ್ತುತ್ತಿದ್ದ ಮುದುಕಿಗೆ ಸ್ಟೂಲಿನ ಕಿರುಗು ಹೇಗೆ ಕೇಳಿಸಿತೋ.

“ಕೊಂಬು ಬಿಚ್ಚಬ್ಯಾಡ ಸುವರ್ಣಾ!” ಎಂದು ಸೂಗಮ್ಮ ಓಣಿಯಿಂದಲೇ ಕೂಗಿದಳು. “ಹೋದಾಂವ ಇನ್ನೂ ಬಂದಿಲ್ಲ!”